ಕಚೇರಿಗೆ ಒಂದೂವರೆಗೆ ಬೀಗ. ಹಮಾಲರ ಬಿಸಿಲಿಗೆ ಯಾರು ಹೊಣೆ?

ಕಲಬುರಗಿ: ಏಪ್ರಿಲ್ ಬಂತೆಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳ ಹೊತ್ತು ಬದಲಾಗುತ್ತದೆ. ಕಲಬುರಗಿ ವಿಭಾಗದ ಏಳು ಜಿಲ್ಲೆಗಳು, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಕೆಲಸ. 2025ರಲ್ಲೂ ಇದೇ ಆದೇಶ ಬಂದಿತ್ತು. ಇದರ ಬಗ್ಗೆ ಯಾರದೂ ತಕರಾರಿಲ್ಲ. ಆದರೆ ತಹಶೀಲ್ದಾರ್ ಕಚೇರಿಗೆ ಬೀಗ ಬೀಳುವ ಹೊತ್ತಿಗೆ ಎದುರಿನ ಕಟ್ಟಡದಲ್ಲಿ ಗೌಂಡಿ ಇಟ್ಟಿಗೆ ಕಟ್ತಾ ಇರ್ತಾನೆ, ಎಪಿಎಂಸಿಯಲ್ಲಿ ಹಮಾಲರು ಲಾರಿಗೆ ಚೀಲ ಏರಿಸ್ತಾ ಇರ್ತಾರೆ. ಚಿತ್ತಾಪುರ, ಸೇಡಂ ಕಡೆ ಗಣಿಗಳಲ್ಲಿ ಶಹಾಬಾದ್ ಕಲ್ಲು ಎಬ್ಬಿಸುವ ಕೆಲಸ ನಡೆದೇ ಇರುತ್ತದೆ. ಫ್ಯಾನಿನ ಕೆಳಗೆ ಕೂತವರು ಮನೆಗೆ, ಬಿಸಿಲಲ್ಲಿ ನಿಂತವರು ಅಲ್ಲೇ.

ನೆರಳಿನ ಲೆಕ್ಕ, ಬಿಸಿಲಿನ ಕೆಲಸ

ಹವಾಮಾನ ಇಲಾಖೆ 42 ಡಿಗ್ರಿ ಅಂದರೆ ಅದು ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆರಳಲ್ಲಿ ಅಳೆದ ಲೆಕ್ಕ. ಕಾದ ಕಲ್ಲಿನ ಮೇಲೆ, ತಗಡಿನ ಶೆಡ್ಡಿನ ಕೆಳಗೆ ಮೈಗೆ ತಾಗುವ ಬಿಸಿ ಅದಕ್ಕಿಂತ ಹೆಚ್ಚು. ಭಾರ ಹೊತ್ತಾಗ ದೇಹವೂ ಒಳಗಿಂದ ಕಾಯುತ್ತದೆ. ಅದನ್ನು ತಣಿಸುವುದು ಬೆವರು ಮಾತ್ರ. ಬೆವರಿಗೆ ತಕ್ಕ ನೀರು, ವಿಶ್ರಾಂತಿ ಸಿಗದಿದ್ದರೆ ದೇಹದ ಉಷ್ಣ 40 ಡಿಗ್ರಿ ದಾಟಿ ಮಿದುಳಿಗೇ ಪೆಟ್ಟು ಬೀಳುತ್ತದೆ. ಹೆಚ್ಚು ಅಪಾಯ ಹೊಸದಾಗಿ ಕೆಲಸಕ್ಕೆ ಬಂದವರಿಗೆ. ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು.

ಪ್ರಶ್ನೆ ನೀರಿನದಷ್ಟೇ ಅಲ್ಲ, ಕೂಲಿಯದು

ಪ್ರತಿ ಬೇಸಿಗೆಯಲ್ಲೂ 'ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ' ಎಂಬ ಸಲಹೆ ಬರುತ್ತದೆ. ಹಮಾಲರಿಗೆ ಕೂಲಿ ಸಿಗೋದು ಚೀಲದ ಲೆಕ್ಕದಲ್ಲಿ. ಮೂರು ತಾಸು ನೆರಳಲ್ಲಿ ಕೂತರೆ ಆ ಮೂರು ತಾಸಿನ ದುಡ್ಡು ಹೋಯ್ತು. ಹೀಗಾಗಿ ತಲೆ ಸುತ್ತಿದರೂ ಇನ್ನೊಂದು ಚೀಲ ಹೊರುತ್ತಾರೆ. ಬಿಸಿಲು ಗೊತ್ತಿಲ್ಲ ಅಂತಲ್ಲ, ಮನೆ ನಡೀಬೇಕಲ್ಲ.

ಇದಕ್ಕೆ ದಾರಿ ಇಲ್ಲವೇ? ಇದೆ, ನಮ್ಮ ಹಳ್ಳಿಗಳಲ್ಲೇ ಇದೆ. ಉದ್ಯೋಗ ಖಾತ್ರಿ ಕೆಲಸದಲ್ಲಿ ಕಲಬುರಗಿ ವಿಭಾಗಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಕೆಲಸದ ಪ್ರಮಾಣದಲ್ಲಿ ಶೇ 30 ರಿಯಾಯಿತಿ ಕೊಡಲಾಗಿದೆ. ಅಂದರೆ ಮಣ್ಣು ಕಡಿಮೆ ಅಗೆದರೂ ಕೂಲಿ ಪೂರ್ತಿ. ಬಿಸಿಲಿನ ನಷ್ಟವನ್ನು ಕೂಲಿಕಾರರ ತಲೆಗೆ ಕಟ್ಟಬಾರದು ಎಂಬ ತತ್ವ ಇದು. ಬಜಾರಿಗೆ, ಎಪಿಎಂಸಿಗೆ ಮಾತ್ರ ಇದು ಇನ್ನೂ ಬಂದಿಲ್ಲ.

ಕಾಯ್ದೆ ಎಲ್ಲಿಗೆ ನಿಲ್ಲುತ್ತದೆ

ಕೆಲಸಗಾರರ ಸುರಕ್ಷತೆ, ಆರೋಗ್ಯಕ್ಕೆ ಸಂಬಂಧಿಸಿದ 2020ರ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಕುಡಿಯುವ ನೀರು, ಗಾಳಿ, ಬೆಳಕು ಒದಗಿಸುವುದು ಮಾಲೀಕರ ಹೊಣೆ ಎನ್ನುತ್ತದೆ. ಆದರೆ ಸಾಮಾನ್ಯವಾಗಿ ಅದು ಅನ್ವಯಿಸುವುದು 10 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ. ಇಷ್ಟು ಡಿಗ್ರಿ ದಾಟಿದರೆ ಬಯಲಿನ ಕೆಲಸ ನಿಲ್ಲಿಸಿ ಎಂಬ ಮಾತು ಅದರಲ್ಲಿಲ್ಲ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲಿನ ಕೆಲಸಕ್ಕೆ ನಿಷೇಧ ಇದೆ. ನಮ್ಮಲ್ಲಿ ಮೂರ್ನಾಲ್ಕು ಆಳುಗಳ ಸಿಮೆಂಟ್ ಅಂಗಡಿ, ಕಿರಾಣಿ ಗೋದಾಮು, ಮನೆ ಕಟ್ಟುವ ಮೇಸ್ತ್ರಿ ಇವರೆಲ್ಲ ಹೆಚ್ಚಾಗಿ ಈ ಸಂಹಿತೆಯ ಹೊರಗೇ ಉಳಿಯುತ್ತಾರೆ.

ವರ್ತಕರ ಕೈಯಲ್ಲೇ ಇದೆ

'ಲಾರಿ ಬರೋ ಹೊತ್ತು ನಮ್ಮ ಕೈಯಲ್ಲಿಲ್ಲ' ಅಂತಾರೆ ವ್ಯಾಪಾರಸ್ಥರು. ಮಾತು ಸುಳ್ಳಲ್ಲ. ಒಬ್ಬರೇ ಲೋಡಿಂಗ್ ನಿಲ್ಲಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ. ಆದರೆ ಎಪಿಎಂಸಿ ಮತ್ತು ವರ್ತಕರ ಸಂಘ ಒಟ್ಟಿಗೆ ಕೂತು, ಎರಡು ತಿಂಗಳು ಬೆಳಗ್ಗೆ 6ರಿಂದ 11, ಸಂಜೆ 4ರ ನಂತರ ಮಾತ್ರ ಲೋಡಿಂಗ್ ಎಂದು ತೀರ್ಮಾನಿಸಿದರೆ ಯಾರಿಗೂ ನಷ್ಟವಿಲ್ಲ. ಹೇಗೂ ಮಧ್ಯಾಹ್ನ ಬಜಾರು ಬಣಬಣ ಅಂತಿರುತ್ತದೆ. ಹಮಾಲರ ಚೀಲವೂ ಕಡಿಮೆಯಾಗದು, ಹೊತ್ತು ಬದಲಾಗುತ್ತದೆ ಅಷ್ಟೆ. ದಿನಗೂಲಿಯವರಿಗೆ ಮಧ್ಯಾಹ್ನದ ಬಿಡುವನ್ನು ಕೂಲಿಯಲ್ಲಿ ಮುರಿಯದಿದ್ದರೆ ಸಾಕು.

ಉಳಿದದ್ದು ಸಣ್ಣ ಖರ್ಚು: ಒಂದು ಮಣ್ಣಿನ ಗಡಿಗೆ, ಹಸಿರು ನೆರಳು ಪರದೆ, ಒಆರ್‌ಎಸ್ ಪೊಟ್ಟಣ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಬಾಯಾರಿಕೆ ಆಗೋ ತನಕ ಕಾಯದೆ 20 ನಿಮಿಷಕ್ಕೊಂದು ಲೋಟ ಕುಡಿಯಬೇಕು.

ಆಳು ತಡವರಿಸಿ ಮಾತಾಡಿದರೆ, ದಿಕ್ಕು ತೋಚದಂತೆ ಆಡಿದರೆ, ಕುಸಿದರೆ ಅದು 'ಸುಸ್ತು' ಅಲ್ಲ. ತಕ್ಷಣ 108ಕ್ಕೆ ಕರೆ ಮಾಡಿ. ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಕಚೇರಿ ಹೊತ್ತು ಬದಲಿಸಲು ಸರ್ಕಾರಕ್ಕೆ ಒಂದು ಆದೇಶ ಸಾಕಾಗುತ್ತದೆ. ಬಜಾರಿನ ಹೊತ್ತು ಬದಲಿಸಲು ವರ್ತಕರ ಒಂದು ಸಭೆ ಸಾಕು. ಅದು ಮಾರ್ಚ್ ಮುಗಿಯೋದರೊಳಗೆ ಆಗಬೇಕು.