ನಮ್ಮ ಕೇರಿಗೆ ಯಾವ ಫೆಂಗ್‌ಶುಯಿ?

ಮೈಸೂರಿನಲ್ಲಿ ಬಾಡಿಗೆ ಮನೆ ನೋಡೋಕೆ ಹೋದಾಗ ನನಗೆ ಮೊದಲು ಕಂಡವನು ಬುದ್ಧ. ನಮ್ಮ ಬುದ್ಧ ಅಲ್ಲ. ಬಾಗಿಲ ಎದುರಿಗೇ ಗಾಜಿನ ಷೋಕೇಸಿನಲ್ಲಿ ಹೊಟ್ಟೆ ಬಿಟ್ಟುಕೊಂಡು, ಹೆಗಲ ಮೇಲೊಂದು ಮೂಟೆ ಹೊತ್ತು, ಬಾಯಿ ತುಂಬ ನಗುತ್ತ ಕೂತಿದ್ದ ಚೀನಾದ ಬುದ್ಧ. ಅವನ ಪಕ್ಕದಲ್ಲಿ ಬಾಯಿಗೆ ನಾಣ್ಯ ಕಚ್ಚಿಕೊಂಡ ಮೂರು ಕಾಲಿನ ಕಪ್ಪೆ. ಬಾಗಿಲಿಗೆ ತೂಗುಬಿಟ್ಟಿದ್ದ ಲೋಹದ ಕೊಳವೆಗಳು ಗಾಳಿಗೆ ಟಿಣ್ ಟಿಣ್ ಅನ್ನುತ್ತಿದ್ದವು. ಯಜಮಾನರು ನನ್ನನ್ನು ಗೇಟಿನೊಳಗೆ ಬಿಟ್ಟುಕೊಂಡರು, ಮೆಟ್ಟಿಲ ಮೇಲೆ ನಿಲ್ಲಿಸಿದರು.

'ಏನ್ ಕೆಲಸ?' ಕಾಲೇಜಲ್ಲಿ ಅತಿಥಿ ಉಪನ್ಯಾಸಕ ಅಂದೆ. 'ಯಾವ್ ಕಡೆಯೋರು?' ಚಾಮರಾಜನಗರದ ಕಡೆ ಅಂದೆ. 'ಊಟ ತಿಂಡಿ ಹೆಂಗೆ?' ಸುಳ್ಳು ಹೇಳಲಿಲ್ಲ. 'ತಂದೆ ಹೆಸರು?' ಅದನ್ನೂ ಹೇಳಿದೆ. ನಮ್ಮಪ್ಪನ ಹೆಸರು ಕೇಳಿದ ಮೇಲೆ ಯಾರಿಗೂ ತಹಸೀಲ್ದಾರರ ಸರ್ಟಿಫಿಕೇಟು ಬೇಕಾಗುವುದಿಲ್ಲ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಹುಟ್ಟಿದ ವರ್ಷ ಯಾವ್ದು?' ಅಂದರು. 1998 ಅಂದೆ. ಬೆರಳಲ್ಲಿ ಎಣಿಸಿದರು. 'ನೋಡಪ್ಪಾ, ನಿನ್ನ ಸಂಖ್ಯೆ ಎರಡು. ಈ ಮನೆ ಬಾಗಿಲು ಪೂರ್ವಕ್ಕಿದೆ. ಎರಡರವರಿಗೆ ಪೂರ್ವ ಆಗಿಬರಲ್ಲ. ನಿನ್ ಒಳ್ಳೇದಕ್ಕೇ ಹೇಳ್ತಿರೋದು.'

ಎಷ್ಟು ಮರ್ಯಾದಸ್ಥರು ನೋಡಿ. ಬೈಯಲಿಲ್ಲ, ಹೊಡೆಯಲಿಲ್ಲ, ಜಾತಿ ಎತ್ತಲಿಲ್ಲ. ನನ್ನ ಒಳ್ಳೆಯದನ್ನೇ ಬಯಸಿದರು.

ಅದೇ ವಾರ ನನ್ನ ಜೊತೆ ಎಂ.ಎ. ಓದಿದ ಗೆಳೆಯನೊಬ್ಬನಿಗೆ ಆ ಮನೆ ಸಿಕ್ಕಿತು. ಅವನೂ 1998ರಲ್ಲೇ ಹುಟ್ಟಿದವನು. ನಮ್ಮಿಬ್ಬರ ಹಾಲ್ ಟಿಕೆಟ್ಟಿನಲ್ಲಿ ತಿಂಗಳೂ ಒಂದೇ, ಜೂನ್. ಅವನೇ ಬಂದು, ಮುಖ ಸಣ್ಣ ಮಾಡಿಕೊಂಡು, 'ನನ್ನ ಹುಟ್ಟಿದ ವರ್ಷ ಕೇಳಲೇ ಇಲ್ಲ ಮಾರಾಯ' ಅಂದ. ಅವನ ತಂದೆಯ ಹೆಸರು ಕೇಳಿದ ಮೇಲೆ ಸಂಖ್ಯೆಯ ಅಗತ್ಯ ಬೀಳಲಿಲ್ಲ ಅಂತ ಕಾಣುತ್ತೆ. ಗೆಳೆಯ ಒಳ್ಳೆಯವನು. ಮನೆ ಮಾತ್ರ ಬಿಡಲಿಲ್ಲ. ನಾನೂ ಬಿಡು ಅಂತ ಕೇಳಲಿಲ್ಲ.

ಆವತ್ತಿನಿಂದ ನಾನು ಈ ಫೆಂಗ್‌ಶುಯಿ ಅನ್ನುವುದರ ಹಿಂದೆ ಬಿದ್ದೆ. ಸಿಟ್ಟಿಗೆ ಓದಿದ್ದು, ಭಕ್ತಿಗಲ್ಲ. ಯಜಮಾನರ ಲೆಕ್ಕ ಸರಿಯಾಗಿಯೇ ಇತ್ತು ಗೆಳೆಯರೆ. ಕುವಾ ಸಂಖ್ಯೆ ಅಂತ ಒಂದಿದೆ. ಇಸವಿಯ ಕೊನೆಯ ಎರಡು ಅಂಕಿ ಕೂಡಬೇಕು: 9 ಮತ್ತು 8, ಹದಿನೇಳು; ಮತ್ತೆ ಕೂಡಿದರೆ ಎಂಟು. ಗಂಡಸಾದರೆ ಹತ್ತರಲ್ಲಿ ಕಳೆಯಬೇಕು, ಎರಡು ಬಂತು. ಎರಡರವರಿಗೆ ಪಶ್ಚಿಮದ ಗುಂಪು, ಪೂರ್ವ ನಿಷಿದ್ಧ. ಅಂದರೆ ಆ ವರ್ಷ ಆ ತಿಂಗಳು ಹುಟ್ಟಿದ ಗಂಡುಮಕ್ಕಳೆಲ್ಲ, ಹಾಂಗ್‌ಕಾಂಗಿನ ಸಾಹುಕಾರನ ಮಗನೂ ನಮ್ಮ ಕೇರಿಯ ಜೀತದವನ ಮಗನೂ, ಒಂದೇ ದಿಕ್ಕಿಗೆ ಮಲಗಬೇಕು! ಈ ಒಂದು ವಿಷಯದಲ್ಲಾದರೂ ಸಮಾನತೆ ಬಂತಲ್ಲ ಅಂತ ನಗು ಬಂತು. ಆದರೆ ಆ ಸಮಾನತೆಯೂ ನಮ್ಮ ಯಜಮಾನರ ಮೆಟ್ಟಿಲ ಹತ್ತಿರ ಬಂದು ಸತ್ತುಹೋಯಿತು.

ಫೆಂಗ್ ಅಂದರೆ ಗಾಳಿ, ಶುಯಿ ಅಂದರೆ ನೀರು. ಅಷ್ಟೆ. ಇದು ಹುಟ್ಟಿದ್ದು ಬಾಡಿಗೆ ಮನೆ ಹುಡುಕೋರಿಗಲ್ಲ, ಸತ್ತವರಿಗೆ. ಕ್ರಿ.ಶ. 324ರಲ್ಲಿ ತೀರಿಕೊಂಡ ಗುವೊ ಪು ಎಂಬವನ ಹೆಸರಿನಲ್ಲಿ ಒಂದು ಗ್ರಂಥವಿದೆ. ಅದರ ವಿಷಯ ಗೋರಿ ಎಲ್ಲಿ ತೋಡಬೇಕು ಅನ್ನುವುದು. ಚೀನಾದ ಉತ್ತರದಲ್ಲಿ ಚಳಿಗಾಲದ ಗಾಳಿ ಮಂಗೋಲಿಯಾದ ಕಡೆಯಿಂದ ಬೀಸುತ್ತೆ, ಧೂಳು ಹೊತ್ತು ತರುತ್ತೆ. ಆದ್ದರಿಂದ ಉತ್ತರಕ್ಕೆ ಬೆನ್ನು ಕೊಟ್ಟು, ದಕ್ಷಿಣಕ್ಕೆ ಬಾಗಿಲು ಇಟ್ಟರು. ಅಲ್ಲಿ ಸೂರ್ಯ ವರ್ಷಪೂರ್ತಿ ದಕ್ಷಿಣದಲ್ಲೇ ಇರುತ್ತಾನೆ, ಮನೆ ಬೆಚ್ಚಗಿರುತ್ತೆ. ಚಕ್ರವರ್ತಿ ಕೂರುವುದೂ ದಕ್ಷಿಣಕ್ಕೆ ಮುಖ ಮಾಡಿ. 1420ರಲ್ಲಿ ಕಟ್ಟಿ ಮುಗಿಸಿದ ಬೀಜಿಂಗಿನ ಅರಮನೆಯ ಮಹಾದ್ವಾರ ಇರುವುದೂ ದಕ್ಷಿಣಕ್ಕೆ.

ಈಗ ನಮ್ಮ ವಾಸ್ತುವಿನವರನ್ನು ಕೇಳಿ. ದಕ್ಷಿಣ ಯಮನ ದಿಕ್ಕು. ಆ ಕಡೆ ಬಾಗಿಲಿದ್ದರೆ ಸಾವು, ಸಾಲ, ಹೆಣ್ಣುಮಕ್ಕಳಿಗೆ ಕಂಕಣಭಾಗ್ಯ ಇಲ್ಲ. ಚೀನಾದ ಚಕ್ರವರ್ತಿಗೆ ಸಿಂಹಾಸನ ಕೊಟ್ಟ ದಿಕ್ಕು ಮೈಸೂರಿನ ಗುಮಾಸ್ತನಿಗೆ ಸ್ಮಶಾನ! ಅದಿರಲಿ, ನಮ್ಮ ಯಜಮಾನರ ಷೋಕೇಸಿನಲ್ಲಿ ಚೀನಾದ ಕಪ್ಪೆ, ದೇವರ ಕೋಣೆ ವಾಸ್ತು ಪ್ರಕಾರ ಈಶಾನ್ಯಕ್ಕೆ. ಒಂದು ಶಾಸ್ತ್ರ ಇನ್ನೊಂದನ್ನು ಸುಳ್ಳು ಅನ್ನುತ್ತಿದ್ದರೂ ಎರಡೂ ಒಂದೇ ಮನೆಯಲ್ಲಿ ಸುಖವಾಗಿ ಸಂಸಾರ ಮಾಡುತ್ತವೆ. ಇದರ ಮೇಲೆ ಅಮೆರಿಕದಲ್ಲಿ 1980ರ ದಶಕದಲ್ಲಿ ಲಿನ್ ಯುನ್ ಎಂಬವರು ಇನ್ನೊಂದು ಪಂಥ ಹರಡಿದರು. ಅದಕ್ಕೆ ದಿಕ್ಸೂಚಿಯೇ ಬೇಡ. ಬಾಗಿಲಲ್ಲಿ ನಿಂತು ಎಣಿಸಿದರೆ ಸಾಕು, ಎಡದ ಮೂಲೆ ದುಡ್ಡು, ಬಲದ ಮೂಲೆ ದಾಂಪತ್ಯ.

ವಿಜ್ಞಾನ ಪಾಠ ಮಾಡುವ ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಬೀಜಿಂಗ್ ಇರುವುದು ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಮೈಸೂರು 12ರಲ್ಲಿ. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ಮಕ್ಕಳಿಗೆ ನೆರಳು ತೋರಿಸಿ. ಬೇಸಿಗೆಯಲ್ಲಿ ದಕ್ಷಿಣದ ಬಾಗಿಲು ನೆರಳಲ್ಲಿರುತ್ತೆ. ಸುಡುವುದು ಪಶ್ಚಿಮದ ಗೋಡೆ. ಮುಂಗಾರಿನ ಗಾಳಿ ನೈಋತ್ಯದಿಂದ ಬರುತ್ತೆ. ಇವಿಷ್ಟು ಗೊತ್ತಿದ್ದರೆ ಯಾವ ಮನೆಯ ಕಿಟಕಿ ಎಲ್ಲಿರಬೇಕು ಅಂತ ಏಳನೇ ಕ್ಲಾಸಿನ ಹುಡುಗಿ ಹೇಳುತ್ತಾಳೆ. ಅವಳಿಗೆ ದಕ್ಷಿಣೆ ಕೊಡಬೇಕಾಗಿಲ್ಲ.

ಇನ್ನು ನಮ್ಮದೇ ಶಾಸ್ತ್ರಕ್ಕೆ ಬರೋಣ. ಚೀನಾದವರನ್ನು ಬೈದು ಮನೆಯ ಹೊಲಸು ಮುಚ್ಚುವ ಬುದ್ಧಿ ನನಗಿಲ್ಲ. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಾಸ್ತುವಿದ್ಯೆ ಅಂತ ಒಂದು ಅಧ್ಯಾಯವಿದೆ. ಮನೆಯ ಅಗಲ ಎಷ್ಟಿರಬೇಕು ಅಂತ ಅದರಲ್ಲಿ ಲೆಕ್ಕವಿದೆ. ಬ್ರಾಹ್ಮಣನಿಗೆ 32 ಮೊಳ. ಅಲ್ಲಿಂದ ನಾಲ್ಕು ನಾಲ್ಕು ಮೊಳ ಇಳೀತಾ ಬರುತ್ತೆ: 28, 24, 20. ಇನ್ನೂ ಕೆಳಗಿನವರಿಗೆ 16. ಮಣ್ಣಿಗೂ ಜಾತಿ ಇದೆ: ಬಿಳಿ ಮಣ್ಣು, ಕೆಂಪು ಮಣ್ಣು, ಹಳದಿ, ಕಪ್ಪು. ತುಪ್ಪದ ವಾಸನೆಯ ನೆಲ ಒಬ್ಬರಿಗೆ, ಹೆಂಡದ ವಾಸನೆಯದು ಇನ್ನೊಬ್ಬರಿಗೆ. ಎಲ್ಲಕ್ಕಿಂತ ನನ್ನ ರಕ್ತ ಕುದಿಸಿದ ಮಾತು ಇದು: ಊರಿನ, ಪಟ್ಟಣದ ಮೂಲೆಗಳಲ್ಲಿ ವಾಸ ಮಾಡುವವರಿಗೆ ದೋಷ ತಟ್ಟುತ್ತದಂತೆ; ಆದರೆ ಶ್ವಪಚ ಮೊದಲಾದ ಅಂತ್ಯಜರು ಆ ಮೂಲೆಗಳಲ್ಲೇ ಏಳಿಗೆ ಹೊಂದುತ್ತಾರಂತೆ!

ಓದಿ ಪುಸ್ತಕ ಮುಚ್ಚಿದೆ. ಶ್ವಪಚ ಅಂದರೆ ನಾಯಿ ಬೇಯಿಸಿ ತಿನ್ನುವವನು. ಅದು ನಮಗಿಟ್ಟ ಹೆಸರು. ಮೂಲೆಗೆ ತಳ್ಳಿದ್ದೂ ಅಲ್ಲದೆ ಮೂಲೆಯೇ ನಿಮಗೆ ಆಗಿಬರುತ್ತೆ ಅಂದರು. ಸಾವಿರದೈನೂರು ವರ್ಷ ಕಳೆದ ಮೇಲೆ ಮೈಸೂರಿನ ಮೆಟ್ಟಿಲ ಮೇಲೆ ನಿಂತು ನಾನು ಕೇಳಿದ್ದೂ ಅದೇ ಮಾತು: 'ನಿನ್ ಒಳ್ಳೇದಕ್ಕೇ ಹೇಳ್ತಿರೋದು.'

ಗಾಳಿ, ನೀರು. ಈ ಶಾಸ್ತ್ರವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮೂರಲ್ಲಿ ಕೇರಿ ಇರುವುದು ತಗ್ಗಿನಲ್ಲಿ. ಊರಿನ ಚರಂಡಿ ಬಂದು ಮುಗಿಯುವುದು ನಮ್ಮಜ್ಜಿಯ ಜಗಲಿ ಮುಂದೆ. ಊರ ಮೇಲೆ ಬೀಸಿದ ಗಾಳಿ ಕೇರಿಗೆ ಬರಬಹುದು, ಕೇರಿಯ ಗಾಳಿ ಊರಿಗೆ ಹೋಗಬಾರದು. ಊರ ಬಾವಿಯ ಹತ್ತಿರ ಅವ್ವ ಕೊಡ ಇಟ್ಟುಕೊಂಡು ಯಾರಾದರೂ ಸೇದಿ ಹಾಕಲಿ ಅಂತ ಗಂಟೆಗಟ್ಟಲೆ ನಿಲ್ಲುತ್ತಿದ್ದದ್ದನ್ನು ಅವಳ ಬಾಯಲ್ಲೇ ಕೇಳಿದ್ದೇನೆ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ ಕೆರೆಗೆ ಇಳಿದು ಬೊಗಸೆ ನೀರು ಕುಡಿದರಲ್ಲ, ನನ್ನ ಕೇಳಿದರೆ ಈ ದೇಶದ ದೊಡ್ಡ ವಾಸ್ತು ತಿದ್ದುಪಡಿ ಅದು. ಮನೆ ನೋಡಿದೆ ಅಂತ ಫೋನು ಮಾಡಿದಾಗಲೆಲ್ಲ ಅವ್ವ ಕೇಳುವುದು ಎರಡೇ: 'ನೀರು ಬತ್ತದಾ ಮಗ? ಗಾಳಿ ಆಡ್ತದಾ?' ದಿಕ್ಕು ಕೇಳಿಲ್ಲ ಅವಳು ಯಾವತ್ತೂ.

ಬಾಬಾಸಾಹೇಬರೂ ಬಾಡಿಗೆ ಕೋಣೆಗಾಗಿ ಅಲೆದವರೇ. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾಕ್ಕೆ ನೌಕರಿಗೆ ಬಂದರು. ಯಾವ ಹಿಂದೂ ವಸತಿಗೃಹವೂ ಸೇರಿಸುವುದಿಲ್ಲ ಅಂತ ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿ ವಸತಿಗೃಹ ಸೇರಿದರು. ಹನ್ನೊಂದನೇ ದಿನ ಕೈಯಲ್ಲಿ ದೊಣ್ಣೆ ಹಿಡಿದ ಹತ್ತಾರು ಜನ ಮೆಟ್ಟಿಲೇರಿ ಬಂದು ಖಾಲಿ ಮಾಡಿಸಿದರು. ಒಬ್ಬ ಹಿಂದೂ ಗೆಳೆಯನನ್ನು ಕೇಳಿದರೆ ಆಳುಗಳು ಬಿಟ್ಟುಹೋಗುತ್ತಾರೆ ಅಂದ. ಕ್ರೈಸ್ತ ಗೆಳೆಯ ಹೆಂಡತಿಯನ್ನು ಕೇಳಬೇಕು ಅಂದ. ಕೊನೆಗೆ ಸಾರ್ವಜನಿಕ ಉದ್ಯಾನದಲ್ಲಿ ಕೂತು ಕಾಲ ಕಳೆದು, ರಾತ್ರಿಯ ರೈಲಿಗೆ ಮುಂಬಯಿಗೆ ವಾಪಸಾದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಅವರಿಗೆ ದೊಣ್ಣೆ ತೋರಿಸಿದರು, ನನಗೆ ಕಪ್ಪೆ ತೋರಿಸಿದರು. ಇದನ್ನು ಪ್ರಗತಿ ಅನ್ನಬೇಕೆ?

ಆ ನಗುವ ಬುದ್ಧನ ಕತೆಯನ್ನೂ ಹೇಳಿಬಿಡುತ್ತೇನೆ. ಅವನು ಶಾಕ್ಯರ ಗೌತಮ ಅಲ್ಲ. ಬೂದಾಯ್ ಅಂತ, ಸುಮಾರು ಹತ್ತನೇ ಶತಮಾನದ ಚೀನಾದ ಒಬ್ಬ ಭಿಕ್ಷು. ಮೂಟೆ ಹೊತ್ತು ಊರೂರು ತಿರುಗುತ್ತಿದ್ದವನು. ಸ್ವಂತ ಮನೆ ಇಲ್ಲದ ಅಲೆಮಾರಿಯನ್ನು ತಂದು ಮನೆ ಮಾಲೀಕರ ತಿಜೋರಿ ಕಾಯೋಕೆ ಕೂರಿಸಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಯಾವ ಬುದ್ಧನ ಕಡೆ ನಡೆದರೋ ಆ ಬುದ್ಧನ ಪಟ ನನ್ನ ಟ್ರಂಕಿನಲ್ಲಿತ್ತು. ಅದನ್ನು ಯಾವ ಗೋಡೆಗೆ ತೂಗುಹಾಕಲಿ ಅಂತ ನಾನು ಹುಡುಕುತ್ತಿದ್ದೆ. ಅವರ ಬುದ್ಧ ನನ್ನ ನೋಡಿ ನಗುತ್ತಿದ್ದ.

ವಾಸ್ತು ಸ್ವಂತ ಮನೆಯವರ ರೋಗ, ಗೋಡೆ ಒಡೆಸುತ್ತೆ. ಬಾಡಿಗೆಯವನು ಗೋಡೆ ಒಡೆಯೋ ಹಾಗಿಲ್ಲ, ಮೊಳೆ ಹೊಡೆದರೂ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. ಅಂಥವನಿಗಾಗಿಯೇ ಸಂತೆಯಲ್ಲಿ ಫೆಂಗ್‌ಶುಯಿ ಬಂತು: ಗಂಟೆ ತೂಗುಹಾಕು, ಕನ್ನಡಿ ಇಡು, ಗಾಜಿನ ಲೋಟದಲ್ಲಿ ಅದೃಷ್ಟದ ಬಿದಿರು ಬೆಳೆಸು. ಅದು ಬಿದಿರೂ ಅಲ್ಲ, ಆಫ್ರಿಕಾ ಮೂಲದ ಡ್ರಸೀನಾ ಅನ್ನುವ ಬೇರೆಯದೇ ಗಿಡ. ಮೇದರ ಕೇರಿಯವರನ್ನು ಕೇಳಿದ್ದರೆ ಒಂದೇ ನೋಟಕ್ಕೆ ಹೇಳುತ್ತಿದ್ದರು. ಬಾಡಿಗೆ ಯಾಕೆ ಏರಿತು, ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸು ಕೇಳುವ ರೂಢಿ ಯಾರು ಮಾಡಿದರು, ಕೊಟ್ಟ ದುಡ್ಡಿಗೆ ರಸೀದಿ ಯಾಕಿಲ್ಲ, ಇವುಗಳನ್ನು ಕೇಳಬೇಕಾದ ಬಾಯಿಗೆ ಒಂದು ಕಪ್ಪೆ ತುರುಕಿದರು.

ನಮ್ಮವರ ಮಾತನ್ನೂ ಆಡಬೇಕು. ನನಗೆ ಅಕ್ಷರ ತಿದ್ದಿಸಿದ ಮೇಷ್ಟ್ರು ನಮ್ಮ ಕೇರಿಯವರೇ. ಅವರ ಮನೆಯ ಗೋಡೆಯಲ್ಲಿ ಬಾಬಾಸಾಹೇಬರ ಪಟ ಇದೆ. ಹೋದ ವರ್ಷ ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕುವಾಗ, ಬಿಸಿಲು ಗಾಳಿ ಚೆನ್ನಾಗಿದ್ದ ಮನೆಯನ್ನು ದಕ್ಷಿಣದ ಬಾಗಿಲು ಅಂತ ಬಿಟ್ಟು, ತಿಂಗಳಿಗೆ ಎರಡು ಸಾವಿರ ಹೆಚ್ಚು ಕೊಟ್ಟು ಉತ್ತರದ ಬಾಗಿಲಿನ ಕತ್ತಲೆ ಮನೆ ಹಿಡಿದರು. 'ಮಗಳ ಮದುವೆ ಐತಲ್ಲಪ್ಪಾ, ಎಲ್ಲರ ಹಂಗೇ ನಾವೂ' ಅಂದರು. ಎಲ್ಲರ ಹಾಗೆ ಆಗುವ ಆಸೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗಾಗಲಿಲ್ಲ. ಆದರೆ ಹೇಳದೆ ಇರಲೂ ಆಗುವುದಿಲ್ಲ: ಮೇಷ್ಟ್ರೇ, ನಮ್ಮನ್ನು ಮೂಲೆಗೆ ಅಳೆದು ಹಾಕಿದ ಅದೇ ಮೊಳಕೋಲನ್ನು ನೀವು ದುಡ್ಡು ಕೊಟ್ಟು ಮನೆಗೆ ತಂದಿದ್ದೀರಿ.

ಕಾನೂನಿಲ್ಲವೇ ಅಂತೀರಿ. ಇದೆ. 1955ರ ಕಾಯ್ದೆಯಲ್ಲಿ, ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ಹಿಡಿಯುವುದನ್ನು ತಡೆಯುವುದು ಅಪರಾಧ ಅಂತ ಬರೆದಿದೆ. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ರಕ್ಷಣೆ ಅಂತ ದೊಡ್ಡ ಹೆಸರೂ ಬಂತು. ಆದರೆ ಅಸ್ಪೃಶ್ಯ ಅಂತ ಈಗ ಯಾವ ಗೇಟಿನಲ್ಲೂ ಯಾರೂ ಅನ್ನುವುದಿಲ್ಲವಲ್ಲ. 'ನಿನ್ನ ಸಂಖ್ಯೆ ಎರಡು' ಅಂದವನ ಮೇಲೆ ಯಾವ ಪೊಲೀಸು ಕೇಸು ಬರೆದುಕೊಳ್ಳುತ್ತಾನೆ? ನಮ್ಮ ರಾಜ್ಯದಲ್ಲಿ 2017ರಲ್ಲಿ ಮೌಢ್ಯದ ವಿರುದ್ಧ ಒಂದು ಕಾಯ್ದೆ ಪಾಸಾಯಿತು. ಅದರಲ್ಲೂ ವಾಸ್ತು, ಜ್ಯೋತಿಷ್ಯಗಳನ್ನು ಜೋಪಾನವಾಗಿ ಹೊರಗಿಟ್ಟರು. ಬಡವರ ಮೌಢ್ಯ ಅಪರಾಧ, ಉಳ್ಳವರ ಮೌಢ್ಯ ಶಾಸ್ತ್ರ. 2023ರ ಜೂನ್‌ನಲ್ಲಿ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ವಿಧಾನಸೌಧದ ತಮ್ಮ ಕಚೇರಿಯಲ್ಲಿ ವಾಸ್ತುವಿನ ನೆಪಕ್ಕೆ ಮುಚ್ಚಿದ್ದ ಬಾಗಿಲನ್ನು ತೆಗೆಸಿದರು. ಸಂತೋಷ. ಆದರೆ ಅದು ಸರ್ಕಾರದ ಕಟ್ಟಡ. ನಮಗೆ ಬೇಕಾಗಿರುವುದು ಎರಡು ಕೋಣೆ, ಒಂದು ನಲ್ಲಿ.

ಈಗ ನಾನಿರುವ ಮನೆಯ ಬಾಗಿಲು ದಕ್ಷಿಣಕ್ಕಿದೆ. ಎಂಟು ತಿಂಗಳು ಖಾಲಿ ಬಿದ್ದಿತ್ತಂತೆ. ಆ ಮಾಲೀಕ ಜಾತಿ ಕೇಳಲಿಲ್ಲ, ಯಮನ ಮನೆಗೆ ಯಾರಾದರೇನು ಅಂದುಕೊಂಡಿರಬೇಕು. ಬಾಡಿಗೆಯೂ ಕಡಿಮೆ. ಅಂದರೆ ಆ ಮೌಢ್ಯದ ಲಾಭವನ್ನು ನಾನೂ ತಿನ್ನುತ್ತಿದ್ದೇನೆ. ನಾಳೆ ಊರಿನವರೆಲ್ಲ ಬುದ್ಧಿವಂತರಾದರೆ ನನ್ನ ಬಾಡಿಗೆ ಏರುತ್ತೆ. ಏರಲಿ. ಮೇ ತಿಂಗಳಲ್ಲಿ ಇಲ್ಲಿ ತಂಪಾಗಿತ್ತು. ಅವ್ವ ಕಣ್ಣಿನ ಆಪರೇಷನ್ನಿಗೆ ಬಂದು ಹದಿನೈದು ದಿನ ಇದ್ದಳು. ಬಂದವಳೇ ನಲ್ಲಿ ತಿರುಗಿಸಿ ನೋಡಿದಳು.

ಓದುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೇಳಿಕೆ. ದೆಹಲಿಯ ಸುತ್ತಮುತ್ತ ಕೆಲವು ಸಂಶೋಧಕರು ಬೇರೆ ಬೇರೆ ಜಾತಿ ಧರ್ಮದ ಹೆಸರು ಹೇಳಿ ಬಾಡಿಗೆ ಮನೆ ಕೇಳಿ, ದಲಿತರಿಗೂ ಮುಸ್ಲಿಮರಿಗೂ ಹೇಗೆ ಇಲ್ಲ ಅನ್ನುತ್ತಾರೆ ಅನ್ನುವುದನ್ನು 2015ರಲ್ಲಿ ಪ್ರಕಟಿಸಿದರು. ಅದಕ್ಕೆ ದೊಡ್ಡ ಡಿಗ್ರಿ ಏನೂ ಬೇಡ. ನಿಮ್ಮ ಪಟ್ಟಣದಲ್ಲಿ 'ಮನೆ ಬಾಡಿಗೆಗಿದೆ' ಅನ್ನುವ ಬೋರ್ಡು ಕಂಡಾಗ ಒಂದೇ ವರ್ಷ ಹುಟ್ಟಿದ ಇಬ್ಬರು ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಕೇಳಿ. ಒಬ್ಬರು ಕೇರಿಯವರಿರಲಿ, ಒಬ್ಬರು ಊರಿನವರು. ಯಾರಿಗೆ ಏನಂದರು, ದಿಕ್ಕು ಹೇಳಿದರೋ, ಸಂಖ್ಯೆ ಹೇಳಿದರೋ, ನೆಂಟರು ಬರ್ತಾರೆ ಅಂದರೋ, ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು ನಮ್ಮ ಪತ್ರಿಕೆಗೆ ಕಳಿಸಿ. ನನ್ನ ಪುಟ ತುಂಬಿಸಿದ್ದೇನೆ: ಹುಟ್ಟಿದ್ದು 1998, ಸಂಖ್ಯೆ ಎರಡು, ಬಾಗಿಲು ಪೂರ್ವಕ್ಕೆ, ತಂದೆಯ ಹೆಸರು ಕೇಳಿದ ಮೇಲೆ ಇಲ್ಲ ಅಂದರು. ಪಕ್ಕದ ಸಾಲಿನಲ್ಲಿ ನನ್ನ ಗೆಳೆಯ ಅವನ ಕೈಯಾರೆ ಬರೆದಿದ್ದಾನೆ: ಹುಟ್ಟಿದ್ದು 1998, ಅದೇ ಬಾಗಿಲು, ಬೀಗದಕೈ ಅವತ್ತೇ ಕೊಟ್ಟರು.