ನಗೆಯ ಅಂಗಿ, ಬೆವರಿನ ಲೆಕ್ಕ

ಸಾವಿರಾರು ಮಳಿಗೆಗಳ ಒಡೆಯನು ಒಂದು ಅಂಗಿಯನ್ನು ಕಂಡು ಬೆದರಿದನೆಂದರೆ ಯಾರಿಗೆ ನಗು ಬಾರದು? ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆಗೆ ಆದದ್ದು ಅದೇ. ಜಾರ್ಜಿಯಾ ರಾಜ್ಯದ ಒಬ್ಬ ನಾಗರಿಕನು ಆ ಸಂಸ್ಥೆಯ ಹೆಸರನ್ನು ಹಿಟ್ಲರನ ನರಮೇಧದ ಹೆಸರಿಗೆ ಬೆಸೆದು, ಅಂಗಿಗಳ ಮೇಲೆ ಅಚ್ಚು ಹಾಕಿಸಿ ಮಾರಾಟಕ್ಕಿಟ್ಟನು. ಸಂಸ್ಥೆಯ ಜಾಹೀರಾತಿನ ನಗುಮುಖವೂ ಆ ಅಣಕದಲ್ಲಿತ್ತು. ಕೊಂಡವರು ತೀರ ಕೆಲವರು. ಆದರೂ ವಕೀಲರ ನೋಟೀಸು ಬಂತು. ಆತ ಬಗ್ಗಲಿಲ್ಲ; 2006ರಲ್ಲಿ ತಾನೇ ನ್ಯಾಯಾಲಯದ ಮೆಟ್ಟಿಲೇರಿದ. 2008ರಲ್ಲಿ ನ್ಯಾಯಾಲಯ ಆತನ ಪರವಾಗಿ ತೀರ್ಪಿತ್ತಿತು: ಇದು ಅಣಕ, ಇದರಿಂದ ಗಿರಾಕಿಗಳು ಮೋಸಹೋಗುವಂತಿಲ್ಲ, ಮೇಲಾಗಿ ನಗುಮುಖ ತನ್ನದೆಂದು ಸಂಸ್ಥೆ ರುಜುವಾತುಪಡಿಸಿಲ್ಲ.

ಆ ಹೋಲಿಕೆ ನಮಗೆ ಒಪ್ಪಿಗೆಯಿಲ್ಲ. 60 ಲಕ್ಷ ಯೆಹೂದ್ಯರ ಕೊಲೆಯನ್ನು ಅಂಗಡಿಯ ಜಗಳದೊಡನೆ ತೂಗಬಾರದು. ಆದರೆ ಉಳ್ಳವನನ್ನು ಅಣಕಿಸುವ ಹಕ್ಕು ಇಲ್ಲದವನಿಗೆ ಇರಲೇಬೇಕು. ಆ ಮಟ್ಟಿಗೆ ತೀರ್ಪು ಸರಿಯಾದದ್ದು.

ಇನ್ನು ನಗೆಯ ಹಿಂದಿನ ನೋವನ್ನು ನೋಡೋಣ. ಪೆನ್ಸಿಲ್ವೇನಿಯಾದ ಸುಮಾರು 1,87,000 ಮಂದಿ ನೌಕರರು, ತಮಗೆ ಸಲ್ಲಬೇಕಾದ ವಿರಾಮ ಸಿಗಲಿಲ್ಲ, ದುಡಿದ ಹೊತ್ತಿಗೆಲ್ಲ ಕೂಲಿ ಬರಲಿಲ್ಲ ಎಂದು ದಾವೆ ಹೂಡಿದರು. 2006ರಲ್ಲಿ ಜ್ಯೂರಿ ಅವರ ಪರ ನಿಂತಿತು. ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯುವಾಗ 2014 ಬಂದಿತ್ತು. ಹೆಣ್ಣೆಂಬ ಕಾರಣಕ್ಕೆ ಸಂಬಳದಲ್ಲೂ ಬಡ್ತಿಯಲ್ಲೂ ಹಿಂದೆ ತಳ್ಳಿದರೆಂದು ಸುಮಾರು 15 ಲಕ್ಷ ಮಹಿಳೆಯರ ಪರವಾಗಿ 2001ರಲ್ಲಿ ಹೂಡಿದ ದಾವೆಯೂ ಇತ್ತು. ಇಷ್ಟು ಜನ ಒಂದೇ ದಾವೆಯಲ್ಲಿ ಕೂಡಲಾಗದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಹೇಳಿಬಿಟ್ಟಿತು. ಒಬ್ಬನ ನಗೆಗೆ ಎರಡೇ ವರ್ಷದಲ್ಲಿ ನ್ಯಾಯ. ಲಕ್ಷಾಂತರ ಹೆಂಗಸರ ದೂರಿಗೆ ಹತ್ತು ವರ್ಷ ಕಾದ ಮೇಲೆ ಬಾಗಿಲು ಬಂದ್!

ಹಾಗಾದರೆ ಬಂಡವಾಳಗಾರ ನಿಜವಾಗಿ ಹೆದರುವುದು ಯಾವುದಕ್ಕೆ? 2000ದಲ್ಲಿ ಟೆಕ್ಸಾಸಿನ ಒಂದು ಮಳಿಗೆಯಲ್ಲಿ ಮಾಂಸ ಕತ್ತರಿಸುವ ನೌಕರರು ಸಂಘಕ್ಕೆ ಮತ ಹಾಕಿದರು. ಕೆಲವೇ ದಿನಗಳಲ್ಲಿ, ಕತ್ತರಿಸಿ ಕಟ್ಟಿದ ಮಾಂಸವನ್ನೇ ತರಿಸುವುದಾಗಿ ಸಂಸ್ಥೆ ಸಾರಿತು. ಇದಕ್ಕೂ ಸಂಘಕ್ಕೂ ಸಂಬಂಧವಿಲ್ಲ ಎಂದಿತು! ಕೆನಡಾದ ಝೋಂಕಿಯೇರಿನಲ್ಲಿ 2004ರಲ್ಲಿ ಸಂಘಕ್ಕೆ ಮಾನ್ಯತೆ ದೊರೆಯಿತು. 2005ರಲ್ಲಿ ಮಳಿಗೆಯೇ ಮುಚ್ಚಿತು. ಹೀಗೆ ಮುಚ್ಚಿದ್ದು ಕಾನೂನಿಗೆ ವಿರುದ್ಧವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2014ರಲ್ಲಿ. ಅಂಗಿಗೆ ನೋಟೀಸು ಸಾಕಾಯಿತು. ಸಂಘವೆಂದಾಗ ಬೀಗವೇ ಬಿತ್ತು. ಒಡೆಯನಿಗೆ ಯಾವುದರ ಭಯ ಹೆಚ್ಚೆಂಬುದನ್ನು ಬಿಡಿಸಿ ಹೇಳಬೇಕೆ?

ಇದು ಕಡಲಾಚೆಯ ಮಾತೆಂದು ಸುಮ್ಮನಿರುವಂತಿಲ್ಲ. 2018ರಲ್ಲಿ ಇದೇ ಸಂಸ್ಥೆ ಬೆಂಗಳೂರಿನ ಫ್ಲಿಪ್‌ಕಾರ್ಟಿನ ಸುಮಾರು ನೂರಕ್ಕೆ 77 ಪಾಲನ್ನು 1,600 ಕೋಟಿ ಡಾಲರಿಗೆ ಕೊಂಡಿತು. ಇಂದು ನಮ್ಮ ಹಳ್ಳಿಯ ಮನೆಬಾಗಿಲಿಗೂ ಪೊಟ್ಟಣ ಬರುತ್ತದೆ. ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವ ಮೊದಲು, ಅದನ್ನು ಹೊತ್ತು ತಂದ ಹುಡುಗನ ದಿನಗೂಲಿಯೆಷ್ಟು, ಬಿದ್ದು ಕಾಲು ಮುರಿದರೆ ಅವನಿಗೆ ಯಾರು ದಿಕ್ಕು ಎಂದು ಕೇಳಬೇಡವೆ? ಹಾಗೆಂದು ಊರಿನ ಸಾಹುಕಾರನೇನೂ ಧರ್ಮರಾಯನಲ್ಲ. ಜವಳಿ ಅಂಗಡಿಯ ಹುಡುಗಿಯರು ದಿನವಿಡೀ ನಿಂತೇ ದುಡಿಯುವುದನ್ನು ನಾವೆಲ್ಲ ಕಂಡಿದ್ದೇವೆ.

ಅಣಕದ ಅಂಗಿಯನ್ನು ನೆನಪಿಗಾಗಿ ಪೆಟ್ಟಿಗೆಯಲ್ಲಿಡಬಹುದು. ಒಗೆದರೆ ಅದರ ಬಣ್ಣ ಹೋದೀತು. ಸಂಘದ ರಸೀದಿ ಪುಸ್ತಕ ಹಾಗಲ್ಲ. ಅಂಗಡಿ, ಗೋದಾಮು, ಸಾಗಣೆಗಳಲ್ಲಿ ದುಡಿಯುವ ಗೆಳೆಯರೇ, ನಗಿರಿ, ಚೆನ್ನಾಗಿ ನಗಿರಿ. ಜೊತೆಗೆ ಸಂಘವನ್ನೂ ಕಟ್ಟಿರಿ.