ಶೀಟ್ ಹಾರಿತು ಅಂತ ಅಡ್ವಾನ್ಸ್ ಕೊಟ್ಟುಬಿಡಬೇಡಿ

ಮುಂಗಾರು ಪೂರ್ವ ಗಾಳಿ-ಮಳೆಗೆ ಕೊಟ್ಟಿಗೆಯ ಶೀಟ್ ಹಾರಿಹೋದ ಮರುದಿನವೇ ಊರಿಗೆ ಗೊತ್ತಿಲ್ಲದ ಕಾಂಟ್ರಾಕ್ಟರ್‌ಗಳು ಬರ್ತಾರೆ. "ಇವತ್ತು ಅರ್ಧ ದುಡ್ಡು ಹಾಕಿ, ನಾಳೆನೇ ಕೆಲಸ" ಅಂತಾರೆ. ಮೇವು ನೆನೆಯುತ್ತೆ ಅನ್ನೋ ಅವಸರದಲ್ಲಿ ನಾವೂ ಫೋನಲ್ಲೇ ಹಾಕಿಬಿಡ್ತೀವಿ. ಬೀಜ ಕೊಳ್ಳುವಾಗ ಲಾಟ್ ನಂಬರ್ ನೋಡುವ ನಾವು, ಛಾವಣಿ ಹಾಕುವವರ ಬಗ್ಗೆ ಯಾಕೆ ವಿಚಾರಿಸಲ್ಲ?

ಜಿಎಸ್‌ಟಿ ನಂಬರ್ ಕೊಟ್ಟರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ, ಲಾಗಿನ್ ಬೇಕಿಲ್ಲ. ಒಟ್ಟು 15 ಅಕ್ಷರ-ಅಂಕಿ. ಮೊದಲ ಎರಡು 29 ಇದ್ದರೆ ಕರ್ನಾಟಕದ ನೋಂದಣಿ. ಬಿಲ್‌ನಲ್ಲಿರುವ ಹೆಸರೇ ಅಲ್ಲೂ ಬರಬೇಕು. ಆದರೆ ಅದು ತೆರಿಗೆಯ ನಂಬರ್ ಅಷ್ಟೆ, ಕೆಲಸ ಹೇಗಿದೆ ಅಂತ ಹೇಳಲ್ಲ. ಸಣ್ಣ ಮೇಸ್ತ್ರಿಗಳಿಗೆ ಅದು ಇಲ್ಲದೆಯೂ ಇರಬಹುದು. ಅಷ್ಟಕ್ಕೇ ಅವರನ್ನು ಬಿಡಬೇಡಿ.

ನನ್ನ ಪ್ರಕಾರ ನಿಜವಾದ ಸರ್ಟಿಫಿಕೇಟ್ ಅಂದ್ರೆ ಅವರು ಹಾಕಿ ಒಂದು ಮಳೆಗಾಲ ದಾಟಿದ ಛಾವಣಿ. ಹೋಗಿ ನೋಡಿ: ಸ್ಕ್ರೂಗೆ ರಬ್ಬರ್ ವಾಷರ್ ಇದೆಯಾ, ಶೀಟ್ ಸೇರುವ ಕಡೆ ಸೋರಿದ ಗುರುತು ಇದೆಯಾ? ಮನೆಯವರನ್ನೂ ಕೇಳಿ. ಶೀಟಿನ ದಪ್ಪ, ದರ, ಮುಗಿಸುವ ದಿನ ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಶೀಟ್ ಬಂದು ಇಳಿದ ಮೇಲೆ ಒಂದು ಕಂತು, ಕೆಲಸ ಮುಗಿದ ಮೇಲೆ ಉಳಿದದ್ದು. ಇದಕ್ಕೆಲ್ಲ ಎರಡು ದಿನ ಬೇಕು. ಅಲ್ಲಿವರೆಗೆ ಮೇವಿನ ಮೇಲೆ ಟಾರ್ಪಲ್ ಕಟ್ಟಿದರಾಯ್ತು.